ಕಲ್ಲಿನಿಂದ ಗುಡಿಸಲಿಗೆ

“ಅಯ್ಯನವರೇ, ಹೆದರುವವಳಿಗೆ ವಿಶ್ವಾಸವಿದೆ ಎನ್ನಬಹುದೇ?” ಎಂದು ದಯಾಮಣಿ ಕೇಳಿದಳು.

ಅವಳು ಚರ್ಚಿನ ಪಾದ್ರಿ ಪ್ರಭುದಾಸಯ್ಯನವರ ಬಳಿ ಬೈಬಲ್ ಪಾಠ ಕಲಿಯುತ್ತಿದ್ದವಳು. ಅವಳ ಅಕ್ಕ ಬೆಂಕಿಯಲ್ಲಿ ಸುಟ್ಟುಕೊಂಡು ಆಸ್ಪತ್ರೆಯಲ್ಲಿದ್ದಳು. ದಯಾಮಣಿ ದಿನವೂ ಹೋಗುತ್ತಿದ್ದಳು. ಆದರೆ ವಾರ್ಡಿನ ಬಾಗಿಲು ದಾಟಲು ಕಾಲು ಏಳುತ್ತಿರಲಿಲ್ಲ. ಹೊರಗಿನ ಬೆಂಚಿನ ಮೇಲೆ ಕುಳಿತು ಆ ದಿನದ ವಾಕ್ಯ ಓದಿ, ಭಯ ತೆಗೆದುಬಿಡು ಎಂದು ಬೇಡಿಕೊಂಡು, ಹಾಗೆಯೇ ಹಿಂತಿರುಗುತ್ತಿದ್ದಳು.

ಅಯ್ಯನವರು ಒಂದು ಕತೆ ಹೇಳಿದರು.

ಪ್ಲೇಗು ಬಂದ ಕಾಲ. ಒಂದು ಊರಿನಲ್ಲಿ ಒಬ್ಬ ನೇಕಾರನೂ ಅವನ ಹೆಂಡತಿಯೂ ಇದ್ದರು. ಇಬ್ಬರೂ ವಿಶ್ವಾಸಿಗಳು. ಸಭೆ ಕೂಡಿದಾಗ ವಾಕ್ಯ ಓದುವವಳು ಅವಳೇ. ಅವಳ ಓದು ಕೇಳಿದರೆ ಧೈರ್ಯ ಬರುತ್ತದೆ ಎಂದು ಜನ ಹೇಳುತ್ತಿದ್ದರು. ಇಲಿಗಳು ಸತ್ತು ಬೀಳತೊಡಗಿದಾಗ ಊರಿಗೆ ಊರೇ ಹೊಲಗಳಿಗೆ ಹೋಗಿ ಗುಡಿಸಲು ಹಾಕಿಕೊಂಡಿತು. ಅಲ್ಲಿಯೂ ರೋಗ ಬಿಡಲಿಲ್ಲ. ಒಂದು ಬೆಳಿಗ್ಗೆ ನೇಕಾರನ ಕಂಕುಳಲ್ಲಿ ಗಡ್ಡೆ ಎದ್ದಿತು.

ಗಡ್ಡೆ ಎದ್ದವರು ಹಳ್ಳದ ಆಚೆ ಇದ್ದ ಒಂಟಿ ಗುಡಿಸಲಿಗೆ ಹೋಗಬೇಕು ಎಂದು ಹಿರಿಯರು ಕಟ್ಟು ಮಾಡಿದ್ದರು. ಮನೆಯವರು ಈಚೆ ದಡದ ಕಲ್ಲಿನ ಮೇಲೆ ಗಂಜಿ, ನೀರು ಇಟ್ಟು ಹಿಂದೆ ಸರಿಯಬೇಕು. ರೋಗಿ ತಾನೇ ಬಂದು ಒಯ್ಯಬೇಕು. ಆ ಗುಡಿಸಲಿಗೆ ಹೋದವರು ಯಾರೂ ಹಿಂದಕ್ಕೆ ಬಂದಿರಲಿಲ್ಲ.

ನೇಕಾರ ಯಾರೂ ಹೇಳುವ ಮೊದಲೇ ಕಂಬಳಿ ಹೆಗಲಿಗೆ ಹಾಕಿಕೊಂಡು ಎದ್ದ.

“ನೀನು ಕಲ್ಲು ದಾಟಿ ಬರಬೇಡ,” ಎಂದ.

ಅವಳು ಹೂಂ ಎಂದಳು. ಹಾಗೆನ್ನುವಾಗ ಅವಳ ಎದೆ ಹಗುರಾಯಿತು. ಹಗುರಾದದ್ದು ತಿಳಿದು ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಮೊದಮೊದಲು ಅವನು ನಡೆದು ಬಂದು ಗಂಜಿ ಒಯ್ದ. ಆಮೇಲೆ ತೆವಳಿಕೊಂಡು ಬಂದ. ಅವಳು ದೂರ ನಿಂತು ನೋಡುತ್ತಿದ್ದಳು. ಒಂದು ದಿನ ಹೋದಾಗ ಹಿಂದಿನ ದಿನದ ಗಂಜಿ ಹಾಗೆಯೇ ಇತ್ತು, ಇರುವೆ ಮುತ್ತಿತ್ತು. ಗುಡಿಸಲಿನೊಳಗಿಂದ “ನೀರು” ಎಂಬ ದನಿ ಬಂತು.

ಅವಳು ಕಲ್ಲಿನ ಬಳಿ ಮೊಣಕಾಲೂರಿದಳು. “ಕರ್ತನೇ, ಈ ಭಯ ತೆಗೆ. ತೆಗೆದರೆ ಹೋಗುತ್ತೇನೆ,” ಎಂದಳು. ಬಾಯಿಗೆ ಬರುತ್ತಿದ್ದ ವಾಕ್ಯಗಳನ್ನೆಲ್ಲ ಹೇಳಿದಳು. ಸಭೆಯಲ್ಲಿ ಅಷ್ಟು ಗಟ್ಟಿಯಾಗಿ ಓದುತ್ತಿದ್ದ ಮಾತುಗಳು ಈಗ ಒಣಗಿದ ನಾಲಿಗೆಗೆ ಅಂಟಿಕೊಂಡವು. ಭಯ ಹೋಗಲಿಲ್ಲ, ಹೆಚ್ಚಿತು. ಹುಲ್ಲು ಅಲುಗಿದರೂ ಇಲಿ ಎಂದು ಬೆಚ್ಚಿದಳು. ಅವಳ ಕೈ ತಾನಾಗಿಯೇ ಕಂಕುಳಿಗೆ ಹೋಗಿ ತಡವುತ್ತಿತ್ತು. ಬಿಸಿಲು ಏರಿತು. ನೇಕಾರ ಅವಳ ಹೆಸರು ಹಿಡಿದು ಕರೆದ. ಮತ್ತೆ ಕರೆದ. ಅವಳು ಕಿವಿ ಮುಚ್ಚಿಕೊಂಡು ಪ್ರಾರ್ಥಿಸಿದಳು.

ಕಿವಿಯಿಂದ ಕೈ ತೆಗೆದಾಗ ದನಿ ನಿಂತಿತ್ತು.

ಆ ಮೌನವನ್ನು ಅವಳಿಂದ ತಡೆದುಕೊಳ್ಳಲಾಗಲಿಲ್ಲ. ಎದ್ದು ನಿಂತು ಆಕಾಶಕ್ಕೆ ಮುಖ ಎತ್ತಿದಳು. “ನೀನಂತೂ ಬರಲಿಲ್ಲ. ಹಾಳಾಗಲಿ, ನಾನೇ ಹೋಗುತ್ತೇನೆ!” ಎಂದು ಕೂಗಿದಳು. ಅದು ಪ್ರಾರ್ಥನೆಯಲ್ಲ, ಬೈಗುಳ. ತಂದಿದ್ದ ನೀರಿನ ಕೊಡವನ್ನು ಸೊಂಟಕ್ಕೇರಿಸಿ ಹಳ್ಳಕ್ಕೆ ಇಳಿದಳು. ಅರ್ಧ ನೀರು ದಾರಿಯಲ್ಲೇ ಚೆಲ್ಲಿತು. ಗುಡಿಸಲಿನ ಬಾಗಿಲಲ್ಲಿ ವಾಸನೆ ಮುಖಕ್ಕೆ ಹೊಡೆಯಿತು. ಓಡಿಹೋಗಬೇಕೆನಿಸಿತು. ಬಾಗಿಲ ಕಂಬವನ್ನು ಬಿಗಿಯಾಗಿ ಹಿಡಿದು ನಿಂತಳು.

ನೇಕಾರ ಕಣ್ಣು ತೆರೆದ. ಜ್ವರಕ್ಕೆ ಅವನ ಕಣ್ಣು ಮಂಜಾಗಿತ್ತು. ಬೆಳಕಿಗೆ ಬೆನ್ನು ಮಾಡಿ ಯಾರೋ ನಿಂತಿರುವುದಷ್ಟೇ ಅವನಿಗೆ ಕಂಡಿತು.

“ಕರ್ತನೇ, ಬಂದೆಯಾ,” ಎಂದ.

ಅಲ್ಲ, ನಾನು ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಒಳಗೆ ಹೋಗಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಸೆರಗಿನ ತುದಿಯನ್ನು ನೀರಿಗೆ ಅದ್ದಿ ತುಟಿಗೆ ಹಿಂಡಿದಳು. ಭಯ ಕೊನೆಯವರೆಗೂ ಹೋಗಲಿಲ್ಲ. ಸಂಜೆಯ ಹೊತ್ತಿಗೆ ಅವನು ತೀರಿಕೊಂಡ.

ಊರಿನವರು ಅವಳನ್ನು ಮತ್ತೆ ಈಚೆಗೆ ಬರಗೊಡಲಿಲ್ಲ. ಅವಳು ಆ ಗುಡಿಸಲಿನಲ್ಲೇ ಉಳಿದು, ದಿನವೂ ಎದ್ದ ಕೂಡಲೇ ಕಂಕುಳು ತಡವಿ ನೋಡುತ್ತಾ ತನ್ನ ಸರದಿಗೆ ಕಾದಳು. ಗಡ್ಡೆ ಏಳಲಿಲ್ಲ. ಅಷ್ಟರಲ್ಲಿ ಒಬ್ಬ ಕುಂಬಾರಗಿತ್ತಿಯನ್ನು ಹಳ್ಳ ದಾಟಿಸಿ ಕಳಿಸಿದರು. ಅವಳಿಗೂ ನೀರು ಕುಡಿಸಿದಳು, ಹೆದರಿಕೊಂಡೇ. ಕುಂಬಾರಗಿತ್ತಿ ಬದುಕಿಕೊಂಡಳು.

ಅಯ್ಯನವರು ಇಲ್ಲಿಗೆ ನಿಲ್ಲಿಸಿದರು. ದಯಾಮಣಿ ಕಣ್ಣೊರೆಸಿಕೊಂಡಳು.

“ಪಾಪ ಅಯ್ಯನವರೇ, ಸಾಯುವ ಹೊತ್ತಿನಲ್ಲಿ ಅವನಿಗೆ ಬಂದವರು ಯಾರೆಂದು ಗುರುತೇ ಸಿಗಲಿಲ್ಲವಲ್ಲ,” ಎಂದಳು.

“ಗುರುತು ಸಿಗಲಿಲ್ಲ ಎಂದು ನಿನಗೆ ಹೇಳಿದವರು ಯಾರು?” ಎಂದರು ಅಯ್ಯನವರು.

ದಯಾಮಣಿ ಎದ್ದು ಆಸ್ಪತ್ರೆಯ ದಾರಿ ಹಿಡಿದಳು.