ಸೂರಿನಡಿ ನಿಲ್ಲದ ಗಳ

“ಗುರುಗಳೇ, ಸತ್ಯದಲ್ಲಿ ಒಂದು ತುಂಡು ಬಿಟ್ಟು ಉಳಿದದ್ದನ್ನೆಲ್ಲ ಹೇಳಿದರೆ ತಪ್ಪೇ?” ಎಂದು ಶಿಷ್ಯ ಕೇಳಿದ.

ಅವನು ಊರೂರು ತಿರುಗಿ ಜನರಿಗೆ ಹಳೆಯ ಅನಾಹುತಗಳ ಚರಿತ್ರೆ ಹೇಳುವವನು. ಮರುದಿನ ಒಬ್ಬ ಜಮೀನ್ದಾರನ ಮಂಟಪದಲ್ಲಿ ಕೆರೆ ಒಡೆದ ಚರಿತ್ರೆಯನ್ನು ಹೇಳಬೇಕಿತ್ತು. ಎಲ್ಲವನ್ನೂ ಹೇಳಲಿ, ಕೆರೆಯ ಕೋಡಿಗೆ ಕಲ್ಲು ತುಂಬಿಸಿ ಮುಚ್ಚಿಸಿದವರು ಯಾರು ಎಂಬುದೊಂದು ಬೇಡ ಎಂದು ಕರೆದವರು ಹೇಳಿ ಕಳಿಸಿದ್ದರು.

“ಒಂದು ಮಾತು ಬಿಟ್ಟರೆ ಸಾವಿರ ಜನ ಕೇಳುತ್ತಾರೆ. ಹಠ ಹಿಡಿದರೆ ಬಾಗಿಲೇ ತೆಗೆಯುವುದಿಲ್ಲ,” ಎಂದ.

ಗುರುಗಳು ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಕಡಲ ತಡಿಯ ಒಂದು ಹಳ್ಳಿಯಲ್ಲಿ ಒಬ್ಬ ಬಡಗಿಯಿದ್ದ. ದೋಣಿ ಕಟ್ಟುವುದು ಅವನ ಕಸುಬು. ಅವನು ಏಳು ವರ್ಷದವನಿದ್ದಾಗ ಚಂಡಮಾರುತ ಬಂದಿತ್ತು. ಕಡಲು ಎದ್ದು ಊರೊಳಗೆ ನಡೆದು ಬಂದಾಗ ತಾಯಿ ಅವನನ್ನು ಸಣ್ಣ ದೋಣಿಯೊಂದರಲ್ಲಿ ಹಾಕಿದಳು. ದೋಣಿಯ ಹಗ್ಗವನ್ನು ಒಂದು ಗಿಡ್ಡ ತೆಂಗಿನ ಮರಕ್ಕೆ ಸಡಿಲವಾಗಿ ಸುತ್ತಿದಳು. ನೀರು ಏರಿದಂತೆ ಹಗ್ಗದ ಕುಣಿಕೆ ಮರದ ಮೈಮೇಲೆ ಜಾರುತ್ತ ಏರಿತು. ತಾಯಿ ಏರಲಿಲ್ಲ.

ನಡುವೆ ಗಾಳಿ ಒಮ್ಮೆಲೇ ನಿಂತಿತು. ಹಳದಿ ಬಿಸಿಲು ಬಿತ್ತು. ಎಲ್ಲಿಂದಲೋ ಬಂದ ಕಡಲಹಕ್ಕಿಗಳು ದೋಣಿಯ ಅಂಚಿನಲ್ಲಿ ಸಾಲಾಗಿ ಕೂತವು. ಅವು ಅವನಿಗೆ ಹೆದರಲಿಲ್ಲ. ಅವನೂ ಹೆದರಲಿಲ್ಲ. ತೆಂಗಿನ ಗರಿಗಳ ನಡುವೆ ಮೀನುಗಳು ಮೆಲ್ಲಗೆ ಹಾದುಹೋದವು. ಕೆಳಗೆಲ್ಲೋ ತಮ್ಮ ಅಂಗಳವಿದೆ, ಅಂಗಳದಲ್ಲಿ ತಾಯಿ ನಿಂತಿದ್ದಾಳೆ ಎಂದು ಅವನು ಬಗ್ಗಿ ನೋಡುತ್ತಲೇ ಇದ್ದ. ಆಮೇಲೆ ಗಾಳಿ ಆಚೆ ದಿಕ್ಕಿನಿಂದ ಬಂತು.

ನೀರು ಇಳಿದ ಮೇಲೆ ದೋಣಿ ಮರದ ತುದಿಯಲ್ಲಿ ಸಿಕ್ಕಿಕೊಂಡು ತೂಗುತ್ತಿತ್ತು. ಉಳಿದಿದ್ದ ನಾಲ್ಕಾರು ಜನ ಒಂದು ಬಿದಿರ ಗಳವನ್ನು ಒರಗಿಸಿ ಅವನನ್ನು ಇಳಿಸಿಕೊಂಡರು. ಗಳದ ತುದಿ ಸರಿಯಾಗಿ ದೋಣಿಯ ತಳಕ್ಕೆ ತಾಕಿತ್ತು. ಮೂರಾಳೆತ್ತರದ ಗಳ. ಅವನ ಪಾಲಿಗೆ ಉಳಿದದ್ದು ಅದೊಂದೇ.

ದೊಡ್ಡವನಾದ ಮೇಲೆ ಅವನು ಪ್ರತಿ ವರ್ಷ, ಗಾಳಿ ಏಳುವ ತಿಂಗಳಿಗೆ ಮುಂಚೆ, ಆ ಗಳವನ್ನು ಹೊತ್ತು ತಡಿಯ ಊರುಗಳಿಗೆ ಹೋಗುತ್ತಿದ್ದ. ದೋಣಿಯವರ ಕೂಟ, ಬಲೆ ಹೆಣೆಯುವ ಹೆಂಗಸರ ಕೂಟ, ಭಜನೆಯವರು, ಯಾರು ಕರೆದರೂ ಹೋಗುತ್ತಿದ್ದ. ಬಯಲಲ್ಲಿ ಗಳ ನಿಲ್ಲಿಸಿ ತುದಿಗೆ ಕೆಂಪು ಬಟ್ಟೆ ಕಟ್ಟುತ್ತಿದ್ದ. “ನೀರು ಅಲ್ಲಿಗೆ ಬಂದಿತ್ತು,” ಎನ್ನುತ್ತಿದ್ದ. ಜನ ಕತ್ತೆತ್ತಿ ನೋಡುತ್ತಿದ್ದರು. ಹೆಚ್ಚು ಮಾತು ಬೇಕಾಗುತ್ತಿರಲಿಲ್ಲ. ಮರುದಿನವೇ ಯಾರಾದರೊಬ್ಬರು ತಮ್ಮ ಗುಡಿಸಲನ್ನು ಬಿಚ್ಚಿ ಗುಡ್ಡದ ಕಡೆಗೆ ಸಾಗಿಸುತ್ತಿದ್ದರು.

ಆ ಊರಿನ ಒಬ್ಬ ವ್ಯಾಪಾರಿ ತಡಿಯ ಮರಳುನೆಲವನ್ನು ಮನೆ ಕಟ್ಟುವ ತುಂಡುಗಳಾಗಿ ಹಂಚಿ ಮಾರುತ್ತಿದ್ದ. ಅವನಿಗೆ ಈ ಗಳ ಕಣ್ಣಿಗೆ ಚುಚ್ಚುತ್ತಿತ್ತು. ಆದರೂ ಅವನು ಬಡಗಿಯನ್ನು ಬೈಯಲಿಲ್ಲ. ಬಡಗಿಯ ಭಾಷಣಕ್ಕೆಂದೇ ತಡಿಯಲ್ಲಿ ಹೆಂಚು ಹೊದಿಸಿದ ಒಂದು ಮಂಟಪ ಕಟ್ಟಿಸಿದ.

ಮೊದಲ ದಿನ ಬಡಗಿ ಗಳದೊಂದಿಗೆ ಬಂದ. ಒಳಗೆ ಐನೂರು ಜನ ಕೂತಿದ್ದರು. ಅಷ್ಟು ಜನ ಅವನಿಗೆ ಹಿಂದೆಂದೂ ಸಿಕ್ಕಿರಲಿಲ್ಲ.

“ಧಣಿ, ಗಳ ಒಳಗೆ ನಿಲ್ಲುತ್ತಿಲ್ಲ,” ಎಂದ.

“ಅದಕ್ಕೇನು, ನಿನ್ನ ಗಳಕ್ಕಾಗಿ ಸೂರಿಗೆ ತೂತು ಹೊಡೆಸಲೇ? ಮಳೆ ಬಂದರೆ ನೀನು ಬಂದು ಕೊಡೆ ಹಿಡಿಯುತ್ತೀಯಾ?” ಎಂದು ವ್ಯಾಪಾರಿ ನಕ್ಕ. “ಮೇಲಿನ ತುಂಡು ಕತ್ತರಿಸು ಮಾರಾಯ. ಕತ್ತರಿಸಿದ್ದಷ್ಟನ್ನು ಬಾಯಲ್ಲಿ ಹೇಳು. ನಿನ್ನ ಬಾಯಿಗೇನು ಬರವೇ?”

ಗಿಡ್ಡವಾದ ಹಲಗೆ ಮಾತಿನಿಂದ ಉದ್ದವಾಗುವುದಿಲ್ಲ ಎಂದು ಬಡಗಿಗೆ ಗೊತ್ತಿತ್ತು. ಅವನು ಒಳಗೆ ಕೂತ ಐನೂರು ಜನರನ್ನು ನೋಡಿದ. ಗರಗಸ ತೆಗೆದ. ಒಂದಾಳುದ್ದದ ತುಂಡು ಕೆಳಗೆ ಬಿತ್ತು. ಕೆಂಪು ಬಟ್ಟೆಯನ್ನು ಹೊಸ ತುದಿಗೆ ಕಟ್ಟಿ, “ನೀರು ಇದಕ್ಕಿಂತ ಒಂದಾಳು ಮೇಲೆ ಬಂದಿತ್ತು,” ಎಂದ. ಜನ ಬಟ್ಟೆಯನ್ನು ನೋಡಿದರು. ಅದರ ಮೇಲೆ ನೋಡಲು ಹೆಂಚು ಬಿಟ್ಟರೆ ಏನೂ ಇರಲಿಲ್ಲ.

ಬಿದ್ದ ತುಂಡನ್ನು ವ್ಯಾಪಾರಿ ತಾನು ಇರಿಸಿಕೊಂಡ. ಗುಡ್ಡದ ಮೇಲೆ ತನ್ನ ಉಗ್ರಾಣಕ್ಕೆ ಜಾಗ ನೋಡುವಾಗ ಗಳದ ಅಳತೆಗೆ ಅದನ್ನೂ ಸೇರಿಸಿ ನೀರಿನ ಎತ್ತರ ಅಳೆಸಿದ.

ಆಮೇಲೆ ಬೇರೆ ಊರುಗಳಲ್ಲೂ ಸೂರಿನಡಿಯೇ ಸಭೆ ಸೇರತೊಡಗಿತು. ಭಜನೆಯವರ ಮನೆಯ ಮಾಡು ತಗ್ಗು. ಅಲ್ಲಿ ಒಂದು ಮೊಳ ಹೋಯಿತು. ಇನ್ನೊಂದು ಸಲ ಗಾಡಿಯಲ್ಲಿ ಸಾಗಿಸಲು ತೊಡಕೆಂದು, ಯಾರೂ ಕೇಳದೆ, ಅವನೇ ಇನ್ನೊಂದು ಮೊಳ ತೆಗೆದ. ‘ಇದಕ್ಕಿಂತ ಮೇಲೆ’ ಎಂಬ ಮಾತು ಯಾವ ವರ್ಷ ಬಾಯಿಂದ ಉದುರಿತೋ ಅವನಿಗೇ ತಿಳಿಯಲಿಲ್ಲ. ಗಳ ಗಿಡ್ಡವಾದಷ್ಟೂ ಮಾತು ಸೊಗಸಾಗುತ್ತಿತ್ತು. ಹಳದಿ ಬಿಸಿಲು, ಸಾಲಾಗಿ ಕೂತ ಹಕ್ಕಿಗಳು, ಗರಿಗಳ ನಡುವೆ ಮೀನು ಎಂದಾಗ ಜನ ಕಣ್ಣು ಮುಚ್ಚಿ ತೂಗುತ್ತಿದ್ದರು. ಕೊನೆಯಲ್ಲಿ ಶಾಲು ಹೊದಿಸುತ್ತಿದ್ದರು. ಯಾರೂ ಗುಡಿಸಲು ಬಿಚ್ಚುತ್ತಿರಲಿಲ್ಲ.

ಬಡಗಿಗೆ ಒಬ್ಬಳು ಮಗಳು. ಅವಳೂ ಗಂಡನೂ ತಡಿಯಲ್ಲೇ ಮನೆ ಕಟ್ಟಿಕೊಂಡರು. ಒಂದು ಬೆಳಿಗ್ಗೆ ಕಡಲಿನ ಬಣ್ಣ ಬದಲಾದದ್ದನ್ನು ಕಂಡು ಅವನು ಅಲ್ಲಿಗೆ ಓಡಿದ.

“ಗುಡ್ಡಕ್ಕೆ ನಡೆ ಮಗಳೇ. ಅಳಿಯನನ್ನೂ ಕರೆ.”

“ಯಾಕಪ್ಪಾ ಇಷ್ಟು ಗಾಬರಿ? ಗಟ್ಟಿ ಅಟ್ಟ ಇದೆ. ನೀರು ಬಂದರೆ ಹತ್ತಿ ಕೂರುತ್ತೇವೆ.”

“ಅಟ್ಟ ಸಾಲದು.”

ಅವಳು ನಕ್ಕಳು. “ಊರಿಗೆಲ್ಲ ಹೇಳಿ ಹೇಳಿ ನಿನಗೇ ಮರೆತುಹೋಯಿತೇ? ನಿನ್ನದೇ ಗಳ ನಿಲ್ಲಿಸಿ, ಕೆಂಪು ಬಟ್ಟೆಗಿಂತ ಒಂದು ಮೊಳ ಮೇಲೆ ಅಟ್ಟದ ತೊಲೆ ಇರಿಸಿದ್ದು. ಆ ತೊಲೆಗೆ ಉಳಿ ಹಾಕಿದವನೂ ನೀನೇ. ಈ ಸಾಲಿನ ಎಲ್ಲ ಮನೆಗಳಲ್ಲೂ ಅದೇ ಅಳತೆ.”

“ಗಳ ಕತ್ತರಿಸಿದ್ದು ಮಗಳೇ. ನಾನೇ ಕತ್ತರಿಸಿದ್ದು.”

“ಹಾಗಾದರೆ ಇಷ್ಟು ವರ್ಷ ನೀನು ನಿಲ್ಲಿಸಿ ತೋರಿಸಿದ್ದು ಏನು?”

ಬಡಗಿ ಅವರನ್ನು ಎತ್ತಿಯಾದರೂ ಒಯ್ಯೋಣವೆಂದು ದೋಣಿ ತರಲು ಓಡಿದ. ಅವನು ದೋಣಿ ಹತ್ತುವಷ್ಟರಲ್ಲಿ ಕಡಲು ಅವನಿಗೂ ಆ ಮನೆಗೂ ನಡುವೆ ಬಂದಿತ್ತು.

ಮಧ್ಯಾಹ್ನ ಗಾಳಿ ನಿಂತಿತು. ಹಳದಿ ಬಿಸಿಲು ಬಿತ್ತು. ಹಕ್ಕಿಗಳು ಬಂದು ದೋಣಿಯ ಅಂಚಿನಲ್ಲಿ ಸಾಲಾಗಿ ಕೂತವು. ಎಲ್ಲವೂ ಅವನು ಸಭೆಗಳಲ್ಲಿ ಹೇಳುತ್ತಿದ್ದಂತೆಯೇ ಇತ್ತು. ಗುಡ್ಡದ ಮೇಲೆ ವ್ಯಾಪಾರಿಯ ಉಗ್ರಾಣ ನೀರು ತಾಕದೆ ನಿಂತಿತ್ತು. ಮಂಟಪದ ಹೆಂಚು ಕಾಣುತ್ತಿರಲಿಲ್ಲ. ಮಗಳ ಬಾವಿಯ ಪಕ್ಕದ ತೆಂಗಿನ ತುದಿಯನ್ನು ಗುರುತು ಹಿಡಿದು ಅವನು ಅಲ್ಲಿಗೆ ದೋಣಿ ತಂದ. ಅಂಗಳ ಎಲ್ಲಿದೆಯೆಂದು ಹುಡುಕಲು ಗಳವನ್ನು ನೀರಿಗೆ ಇಳಿಸಿದ. ಇಳಿಸುತ್ತ ಹೋದ. ಮುಂಗೈ ಮುಳುಗಿತು, ತೋಳು ಮುಳುಗಿತು, ಕೆನ್ನೆ ನೀರಿಗೆ ತಾಕಿತು. ಗಳ ನೆಲಕ್ಕೆ ತಾಕಲಿಲ್ಲ.

ಎಷ್ಟು ಕಡಿಮೆ ಬಿತ್ತೆಂದು ಅವನಿಗೆ ಗೊತ್ತಿತ್ತು.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಶಿಷ್ಯ ಮತ್ತೆ ಕೇಳಿದ.

“ಆದರೆ ಗುರುಗಳೇ, ಅವನಾದರೂ ಏನು ಮಾಡಬೇಕಿತ್ತು? ಗಳ ಆ ಸೂರಿನಡಿ ನಿಲ್ಲುತ್ತಿರಲಿಲ್ಲವಲ್ಲ?”

“ಅವನು ಆ ಐನೂರು ಜನಕ್ಕೆ ಹೇಳಬೇಕಾಗಿದ್ದದ್ದು ಅದೊಂದನ್ನೇ.”