ಸದ್ದು ಮಾಡುವ ಕೊಕ್ಕೆ

“ಗುರುಗಳೇ, ಕೈಕೆಳಗಿನವರು ಪ್ರತಿ ಮಾತಿಗೂ ಎದುರು ಮಾತನಾಡಿದರೆ ಏನು ಮಾಡಬೇಕು?” ಎಂದು ಗುರುಮಲ್ಲ ಕೇಳಿದ.

ಗುರುಗಳು ಕಣ್ಣು ಮುಚ್ಚಿಕೊಂಡರು. ಆ ವಾರ ಅವನು ಇದನ್ನು ಕೇಳುತ್ತಿದ್ದುದು ನಾಲ್ಕನೆಯ ಸಲ. ಸೋಮವಾರ ಪೂಜೆಗೆ ಮೊದಲು ಕೇಳಿದ್ದ. ಮಂಗಳವಾರ ಪೂಜೆಯ ನಡುವೆಯೇ ಕೇಳಿದ್ದ. ಬುಧವಾರ ಅವರು ಸ್ನಾನಕ್ಕೆ ಹೊರಟಾಗ ಬಾಗಿಲಿಗೆ ಅಡ್ಡ ನಿಂತು ಕೇಳಿದ್ದ. ಈಗ ಅವರು ಊಟ ಮುಗಿಸಿ ಕೈ ತೊಳೆಯುತ್ತಿದ್ದರು.

ಗುರುಮಲ್ಲ ಮಠದ ದಾಸೋಹದ ಉಸ್ತುವಾರಿ ನೋಡುತ್ತಿದ್ದ. ದಿನಕ್ಕೆ ಮುನ್ನೂರು ಜನರ ಊಟ. ಅಡುಗೆ ಮಾಡುತ್ತಿದ್ದವಳು ಪುಟ್ಟಮಾದಮ್ಮ. ಇಪ್ಪತ್ತು ವರ್ಷಗಳಿಂದ ಆ ಒಲೆ ಅವಳದು. ಗುರುಮಲ್ಲ ಬಂದು ಎರಡು ವರ್ಷವಾಗಿತ್ತು. ಅವನು ನಾಲ್ಕು ಸೇರು ಬೇಳೆ ಹಾಕು ಎಂದರೆ ಅವಳು “ಸಾಲಾಕಿಲ್ಲ ಬುದ್ಧಿ” ಎನ್ನುತ್ತಿದ್ದಳು. ಹನ್ನೊಂದಕ್ಕೇ ಎಲೆ ಹಾಕಿಸು ಎಂದರೆ “ಹನ್ನೆರಡರ ಬಸ್ಸಿನೋರು ಇನ್ನೂ ಇಳಿದಿಲ್ಲ ಬುದ್ಧಿ” ಎನ್ನುತ್ತಿದ್ದಳು. ಅವಳನ್ನು ಬಿಡಿಸಿ, ಹೇಳಿದ್ದಕ್ಕೆಲ್ಲ ಹ್ಞೂಂ ಎನ್ನುವ ಇನ್ನೊಬ್ಬನನ್ನು ತರುವುದೆಂದು ಗುರುಮಲ್ಲ ನಿಶ್ಚಯಿಸಿದ್ದ. ಕಾಗದವನ್ನೂ ಬರೆದು ತಂದಿದ್ದ. ಗುರುಗಳ ರುಜು ಒಂದೇ ಬಾಕಿ.

“ಕೂತುಕೋ” ಎಂದರು ಗುರುಗಳು. “ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ.”

ಹಾಗೆಂದು ಅವರು ಹೇಳತೊಡಗಿದರು.

ಒಬ್ಬ ಗಿರಣಿಯವನಿದ್ದ. ಬೆಟ್ಟದ ಬುಡದ ಊರಿನವನು. ಬೆಟ್ಟದ ಮೇಲೆ ಐದು ಹಟ್ಟಿಗಳಿದ್ದವು. ಅಲ್ಲಿ ಕರೆಂಟಿರಲಿಲ್ಲ, ಹಿಟ್ಟಿನ ಗಿರಣಿಯೂ ಇರಲಿಲ್ಲ. ಹೆಂಗಸರು ರಾಗಿಯನ್ನು ತಲೆಯ ಮೇಲೆ ಹೊತ್ತು ಎಂಟು ಮೈಲಿ ಇಳಿಯಬೇಕು, ಹಿಟ್ಟನ್ನು ಹೊತ್ತು ಎಂಟು ಮೈಲಿ ಹತ್ತಬೇಕು. ಅದನ್ನು ದಿನವೂ ನೋಡಿ ನೋಡಿ ಗಿರಣಿಯವನಿಗೆ ಒಂದು ಯೋಚನೆ ಬಂತು. ಗಿರಣಿಯನ್ನೇ ಬೆಟ್ಟಕ್ಕೆ ಒಯ್ದರೆ ಹೇಗೆ? ಒಳ್ಳೆಯ ಯೋಚನೆ. ಅವನ ಜನ್ಮದಲ್ಲಿ ಬಂದದ್ದು ಅದೊಂದೇ ಒಳ್ಳೆಯ ಯೋಚನೆ.

ಎರಡು ಗಾಲಿಯ ಒಂದು ಟ್ರೇಲರ್ ಮಾಡಿಸಿ, ಅದರ ಮೇಲೆ ಡೀಸೆಲ್ ಎಂಜಿನ್ನನ್ನೂ ಬೀಸುವ ಕಲ್ಲನ್ನೂ ಕೂರಿಸಿದ. ಎಳೆಯುವುದಕ್ಕೆ ಹಳೆಯ ಜೀಪೊಂದನ್ನು ತಂದ. ಕಲ್ಲು, ಕೊರಕಲು ಯಾವುದಕ್ಕೂ ಹೆದರದ ಜೀಪು. ಜೀಪಾಯಿತು, ಟ್ರೇಲರೂ ಆಯಿತು. ಎರಡನ್ನೂ ಸೇರಿಸಲು ಒಂದು ಕೊಕ್ಕೆ ಬೇಕಿತ್ತು.

ಊರಿನಲ್ಲಿ ಒಬ್ಬ ಮುದುಕ ಕಮ್ಮಾರನಿದ್ದ. ಗಿರಣಿಯವನು ಅವನ ಬಳಿಗೆ ಹೋಗಿ, ಜೀಪಿನ ಹಿಂದಿನ ಬಂಪರಿಗೆ ಒಂದು ಕೊಕ್ಕೆ ಬೆಸೆದುಕೊಡು, ಅರ್ಧ ಗಂಟೆಯ ಕೆಲಸ ಎಂದ. ಬೇರೆಯವರ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಹೇಳುವುದರಲ್ಲಿ ಅವನು ನಿಪುಣ.

ಕಮ್ಮಾರ ಜೀಪಿನ ಕಡೆ ನೋಡಲಿಲ್ಲ. “ಯಾವ ದಾರೀಲಿ ಎಳೀತೀಯಪ್ಪ?” ಎಂದು ಕೇಳಿದ. ಬೆಟ್ಟದ ದಾರಿ ಎಂದು ತಿಳಿದ ಮೇಲೆ, ಅಂಗಡಿಗೆ ಬಾಗಿಲು ಹಾಕಿ ಒಂದು ಹಗಲು ಪೂರ್ತಿ ಆ ದಾರಿಯಲ್ಲಿ ನಡೆದು ಬಂದ. ಬಂದವನು ಬಂಪರನ್ನು ಮುಟ್ಟಲೇ ಇಲ್ಲ. ಬಂಪರೆಂದರೆ ತಗಡು. ಅಷ್ಟು ಭಾರ ಜಗ್ಗಿದರೆ ಕಿತ್ತು ಬರುತ್ತದೆ. ಅವನು ಜೀಪಿನ ತಳದ ಉಕ್ಕಿನ ಚೌಕಟ್ಟಿಗೇ, ಚಾಸಿಗೇ, ದಪ್ಪ ಪಟ್ಟಿ ಇಟ್ಟು ಆರು ಬೋಲ್ಟು ಬಿಗಿದ. ಗಿರಣಿ ಹೇರಿದ ಟ್ರೇಲರಿನ ಮೂತಿ ನೆಲದಿಂದ ಎಷ್ಟು ಎತ್ತರಕ್ಕೆ ಬರುತ್ತದೆಂದು ಅಳೆದು, ಅಷ್ಟೇ ಎತ್ತರಕ್ಕೆ ಕೊಕ್ಕೆ ನಿಲ್ಲಿಸಿದ. ಟ್ರೇಲರಿನ ಮೂತಿಗೆ ದಪ್ಪ ಕಬ್ಬಿಣದ ಬಳೆ ಹಾಕಿದ. ಬಳೆ ಕೊಕ್ಕೆಯೊಳಗೆ ಬೀಳಬೇಕು, ಮೇಲೆ ಚಿಲಕ ಕೂರಬೇಕು. ಬಳೆಗೂ ಕೊಕ್ಕೆಗೂ ನಡುವೆ ಒಂದು ಬೆರಳಿನಷ್ಟು ಸಂದು ಬಿಟ್ಟ.

ಗಿರಣಿಯವನು ಬೆಟ್ಟ ಹತ್ತಿದ. ವಾರಕ್ಕೊಮ್ಮೆ ಐದು ಹಟ್ಟಿಗಳ ರಾಗಿ ಬೀಸಿಕೊಟ್ಟ. ಹೆಂಗಸರು ಅವನಿಗೆ ಜೇನು ಕೊಟ್ಟರು, ಬಾಳೆಗೊನೆ ಕೊಟ್ಟರು, ನೀನು ನೂರು ವರ್ಷ ಬದುಕಬೇಕು ಕಣಪ್ಪ ಎಂದು ಹರಸಿದರು. ಮನುಷ್ಯನಿಗೆ ಇನ್ನೇನು ಬೇಕು?

ಅವನಿಗೆ ಬೇಕಾಗಿತ್ತು. ದಾರಿಯುದ್ದಕ್ಕೂ ಅವನ ಬೆನ್ನ ಹಿಂದೆ ಕೊಕ್ಕೆ ಕಟಕಟ ಎನ್ನುತ್ತಿತ್ತು. ಹತ್ತುವಾಗ ಕಟಕಟ, ಇಳಿಯುವಾಗ ಕಟಕಟ. ಊಟಕ್ಕೆ ಕೂತರೂ ಅದು ಅವನ ಕಿವಿಯಲ್ಲಿತ್ತು.

“ಚಿಲಕ ಸರಿಯಾಗಿ ಕೂತಿರಲಿಲ್ಲವೇನೋ” ಎಂದ ಗುರುಮಲ್ಲ.

ಗುರುಗಳು ಅವನನ್ನು ನೋಡಿದರು. ಅವನು ತಲೆ ತಗ್ಗಿಸಿದ. ಗುರುಗಳು ಮುಂದುವರಿಸಿದರು.

ಚಿಲಕ ಸರಿಯಾಗಿಯೇ ಕೂತಿತ್ತು. ಗಿರಣಿಯವನು ಕಮ್ಮಾರನ ಬಳಿಗೆ ಹೋಗಿ, “ಸದ್ದು ಮಾಡ್ತದೆ ಕಣಣ್ಣ, ಬಿಗಿ ಮಾಡಿಕೊಡು” ಎಂದ.

“ಮಾಡ್ಲಿ ಬುಡಪ್ಪ” ಎಂದ ಕಮ್ಮಾರ. “ಆ ದಾರೀಲಿ ಜೀಪು ಎಡಕ್ಕೆ ವಾಲಿದ್ರೆ ಟ್ರೇಲರು ಬಲಕ್ಕೆ ವಾಲ್ತದೆ. ಬಳೆ ಹೊರಳೋಕೆ ಜಾಗ ಬೇಕು. ಆ ಜಾಗಾನೇ ಸದ್ದು ಮಾಡ್ತಿರೋದು.”

ಗಿರಣಿಯವನು ತಲೆಯಾಡಿಸಿ ಹೋದ. ಮುಂದಿನ ವಾರ ಮತ್ತೆ ಬಂದ. ಸದ್ದು ಎಂದ. ಕಮ್ಮಾರ ಎರಡೂ ಕೈಗಳ ತೋರುಬೆರಳು ಮಡಿಸಿ, ಒಂದಕ್ಕೊಂದು ಸಿಕ್ಕಿಸಿ, ಹೊರಳಿಸಿ ತೋರಿಸಿದ. ಗಿರಣಿಯವನು ತಲೆಯಾಡಿಸಿ ಹೋದ. ಅದರ ಮುಂದಿನ ವಾರ ಮತ್ತೆ ಬಂದ. ಅವತ್ತು ಕಮ್ಮಾರ ಕೈಯಲ್ಲಿದ್ದ ಸುತ್ತಿಗೆ ಕೆಳಗಿಟ್ಟು, ಅವನ ಜೊತೆಯಲ್ಲೇ ಬೆಟ್ಟಕ್ಕೆ ಹೋದ. ನಾಲ್ಕನೆಯ ತಿರುವಿನಲ್ಲಿ ಮಳೆನೀರು ಕೊರೆದ ಒಂದು ಹಳ್ಳವಿತ್ತು. ಗಿರಣಿಯವನನ್ನು ಅಲ್ಲಿ ನೆಲದ ಮೇಲೆ ಮಲಗಿಸಿ, ಕಮ್ಮಾರ ತಾನೇ ಜೀಪನ್ನು ಹಳ್ಳ ದಾಟಿಸಿದ. ಜೀಪು ಒಂದು ಕಡೆಗೆ ಬಾಗಿತು, ಟ್ರೇಲರು ಇನ್ನೊಂದು ಕಡೆಗೆ ಬಾಗಿತು, ಬಳೆ ಕೊಕ್ಕೆಯೊಳಗೆ ಹೊರಳಿಕೊಂಡು ಎರಡನ್ನೂ ಅವುಗಳ ಪಾಡಿಗೆ ಬಿಟ್ಟಿತು. ಒಮ್ಮೆಯಲ್ಲ, ಮೂರು ಸಲ ದಾಟಿಸಿದ. ಗಿರಣಿಯವನು ಕಣ್ಣಾರೆ ನೋಡಿದ. ಎದ್ದು ಮೈಯ ಮಣ್ಣು ಕೊಡವಿಕೊಂಡ.

“ಎಲ್ಲಾ ಸರಿಯಣ್ಣ” ಎಂದ. “ಸದ್ದು?”

ಕಮ್ಮಾರ ಬೆಟ್ಟದಿಂದ ನಡೆದುಕೊಂಡೇ ಮನೆಗೆ ಹೋದ. ಜೀಪು ಹತ್ತಲಿಲ್ಲ. ನಾನಾಗಿದ್ದರೂ ಹತ್ತುತ್ತಿರಲಿಲ್ಲ.

ಆಮೇಲೆ ಗಿರಣಿಯವನು ತಾನೇ ಕೈ ಹಾಕಿದ. ಸಂದಿಗೆ ಹಳೆಯ ಟಯರಿನ ತುಂಡು ತುರುಕಿದ. ಒಂದು ದಿನ ಸದ್ದಿರಲಿಲ್ಲ. ಎರಡನೆಯ ದಿನ ಕಬ್ಬಿಣ ಅದನ್ನು ಅಗಿದು ಉಗುಳಿತು. ಗೋಣಿಚೀಲ ಸುತ್ತಿದ. ಅದೂ ಚಿಂದಿಯಾಯಿತು. ಮರದ ಬೆಣೆ ಹೊಡೆದ. ಬೆಣೆ ಸೀಳಿ ಹಾರಿ ಜೀಪಿನ ದೀಪ ಒಡೆಯಿತು. ಕೊಕ್ಕೆ ಅವನಿಗೆ ಮೂರು ಸಲ ಬೇಡ ಎಂದು ಹೇಳಿತು. ಇನ್ನು ಹೇಗೆ ಹೇಳಬೇಕು? ಕಾಗದ ಬರೆದು ಹೇಳಬೇಕೇ?

ಕೊನೆಗೆ ಅವನು ಪಟ್ಟಣಕ್ಕೆ ಹೋದ. ಅಲ್ಲಿ ಹೊಸ ಯಂತ್ರಗಳ ಒಂದು ದೊಡ್ಡ ವರ್ಕ್‌ಶಾಪಿತ್ತು. ಅದರ ಯಜಮಾನ ದಾರಿ ಯಾವುದೆಂದು ಕೇಳಲಿಲ್ಲ. ಏನು ಬೇಕು ಎಂದು ಕೇಳಿದ. ಸದ್ದಿರಬಾರದು ಎಂದ ಗಿರಣಿಯವನು. ಆಗಲಿ ಎಂದ ಯಜಮಾನ. ಕೇಳಿದ್ದನ್ನು ಕೇಳಿದ ಹಾಗೆಯೇ ಮಾಡಿಕೊಡುವವರಿಗೆ ಬರವಿಲ್ಲ. ಅವನು ಹಳೆಯ ಕೊಕ್ಕೆಯನ್ನೂ ಬಳೆಯನ್ನೂ ಬಿಚ್ಚಿ ಎಸೆದು, ಎರಡು ದಪ್ಪ ಪಿನ್ನುಗಳ ಹೊಸ ಜೋಡಣೆ ಕೂರಿಸಿದ. ಎಡಬಲಕ್ಕೆ ತಿರುಗುತ್ತಿತ್ತು. ಮೇಲೆ ಕೆಳಗೆ ಬಾಗುತ್ತಿತ್ತು. ಹೊರಳುವುದಕ್ಕೆ ಮಾತ್ರ ಕೂದಲೆಳೆಯಷ್ಟೂ ಜಾಗವಿರಲಿಲ್ಲ.

ಗಿರಣಿಯವನು ಊರಿನ ಡಾಂಬರು ರಸ್ತೆಯಲ್ಲಿ ಮೂರು ಸುತ್ತು ಹೊಡೆದ. ಕಟ್ಟೆಯ ಮೇಲಿದ್ದವರ ಮುಂದೆ ನಿಲ್ಲಿಸಿ, ಕೇಳಿದಿರಾ ಎಂದ. ಏನೂ ಕೇಳಲಿಲ್ಲವಲ್ಲ ಎಂದರು ಅವರು. ಅದೇ, ಅದೇ ಎಂದು ಅವನು ತೊಡೆ ತಟ್ಟಿಕೊಂಡು ನಕ್ಕ. ಕಮ್ಮಾರನ ಅಂಗಡಿಯ ಮುಂದೆ ಬೇಕೆಂದೇ ಎರಡು ಸಲ ಹೋದ. ಕಮ್ಮಾರ ಹೊರಗೆ ಬಂದು, “ಬೆಟ್ಟಕ್ಕೆ ಮಾತ್ರ ಇದನ್ನ ತಗೊಂಡು ಹೋಗಬೇಡ ಕಣಪ್ಪ, ನಿನ್ನ ದಮ್ಮಯ್ಯ” ಎಂದು ಕೈ ಮುಗಿದ. ಎಪ್ಪತ್ತು ವರ್ಷದ ಮುದುಕ, ನಡುರಸ್ತೆಯಲ್ಲಿ ಕೈ ಮುಗಿದ. ಗಿರಣಿಯವನು ಹಾರನ್ ಹೊಡೆದು ಹೋದ.

ಮಾರನೆಯ ಬೆಳಿಗ್ಗೆ ಅವನು ಬೆಟ್ಟ ಹತ್ತಿದ. ಜೀಪು ಮೂರು ತಿರುವುಗಳನ್ನು ಸದ್ದಿಲ್ಲದೆ ದಾಟಿತು. ನಾಲ್ಕನೆಯ ತಿರುವಿನ ಹಳ್ಳದಲ್ಲಿ ಜೀಪು ಎಡಕ್ಕೆ ವಾಲಿತು. ಟ್ರೇಲರಿನ ಬಲಗಾಲಿ ಗುಂಡಿಗೆ ಇಳಿಯಿತು. ಅದು ಪ್ರತಿ ವಾರವೂ ಅಲ್ಲಿ ಇಳಿಯುತ್ತಿತ್ತು, ಪ್ರತಿ ವಾರವೂ ಬಳೆ ಹೊರಳಿ ದಾಟಿಸುತ್ತಿತ್ತು. ಈಗ ಹೊರಳಲು ಜಾಗವಿಲ್ಲ. ಟ್ರೇಲರು ತಾನು ವಾಲಿದ ಕಡೆಗೇ ಜೀಪನ್ನೂ ತಿರುಚಿತು. ಜೀಪಿನ ಹಿಂದಿನ ಗಾಲಿ ನೆಲ ಬಿಟ್ಟು ಮೇಲೆದ್ದಿತು. ಬ್ರೇಕು ಹಿಡಿಯಲಿಲ್ಲ. ಗಿರಣಿ ಹಿಂದಕ್ಕೆ ಜಾರಿ ಕಮರಿಗೆ ಬಿತ್ತು, ಜೀಪನ್ನೂ ಎಳೆದುಕೊಂಡು ಹೋಯಿತು. ಹೊಸ ಜೋಡಣೆ ಕೊನೆಯವರೆಗೂ ಬಿಡಲಿಲ್ಲ. ಅಷ್ಟು ಗಟ್ಟಿ ಕೆಲಸ. ಗಿರಣಿಯವನು ಹೇಗೋ ಹಾರಿಕೊಂಡ. ಕಾಲು ಎರಡು ಕಡೆ ಮುರಿಯಿತು.

ಮೇಲಿನ ಹಟ್ಟಿಗಳಲ್ಲಿ ಹೆಂಗಸರು ರಾಗಿ ಕೇರಿಟ್ಟುಕೊಂಡು ಮಧ್ಯಾಹ್ನದವರೆಗೆ ಕಾದರು. ಬರಲಿಲ್ಲವೆಂದು ಹುಡುಕುತ್ತ ಇಳಿದರು. ಅವನನ್ನು ಕಂಬಳಿಯಲ್ಲಿ ಹಾಕಿ ಊರಿಗೆ ಹೊತ್ತು ತಂದರು. ತಿರುಗಿ ಬೆಟ್ಟ ಹತ್ತಿದರು. ಮಾರನೆಯ ದಿನ ರಾಗಿಯನ್ನು ತಲೆಯ ಮೇಲೆ ಇಟ್ಟುಕೊಂಡು ಎಂಟು ಮೈಲಿ ಇಳಿದರು. ಇವತ್ತಿಗೂ ಇಳಿಯುತ್ತಿದ್ದಾರೆ. ಅವನ ಕಾಲಿನ ಬಗ್ಗೆ ನನಗೆ ಅಂಥ ಸಂಕಟವಿಲ್ಲ, ಕೂಡಿಕೊಂಡಿತು. ಆ ಹೆಂಗಸರ ಕತ್ತು ನೆನೆದರೆ ಇವತ್ತಿಗೂ ನನಗೆ ಸಿಟ್ಟು ಬರುತ್ತದೆ.

ಕಮ್ಮಾರ ಅವನನ್ನು ನೋಡಲು ಹೋದ. ನಾನು ಹೇಳಿರಲಿಲ್ಲವೇ ಎಂದು ಒಂದು ಮಾತೂ ಆಡಲಿಲ್ಲ. ಏನಾಯಿತಪ್ಪ ಎಂದಷ್ಟೇ ಕೇಳಿದ.

“ದಾರಿ ಸರಿ ಇರ್ಲಿಲ್ಲ ಕಣಣ್ಣ” ಎಂದ ಗಿರಣಿಯವನು. ಆಮೇಲೆ ಮೊಣಕೈ ಊರಿ, ಅರ್ಧ ಎದ್ದು, ಹೇಳಿದ: “ಆದ್ರೂ ಒಂದು ಮಾತು. ಬೀಳೋವರೆಗೂ ಒಂಚೂರು ಸದ್ದಿರ್ಲಿಲ್ಲ ನೋಡು.”

ಕಮ್ಮಾರ ಟವೆಲನ್ನು ಹೆಗಲಿಗೆ ಹಾಕಿಕೊಂಡು ಎದ್ದು ಹೋದ.

ಗುರುಗಳು ಕತೆ ನಿಲ್ಲಿಸಿದರು. ಗುರುಮಲ್ಲ ಬಹಳ ಹೊತ್ತು ಯೋಚಿಸಿದ. ಅವನ ಮುಖ ಅರಳಿತು. ಕೈಯಲ್ಲಿದ್ದ ಕಾಗದವನ್ನು ಎರಡಾಗಿ ಮಡಿಸಿದ.

“ತಿಳಿಯಿತು ಗುರುಗಳೇ” ಎಂದ. “ಹಿಂದೆ ಬರುವವರು ಸದ್ದು ಮಾಡುವುದು ಸಹಜ. ಮುಂದೆ ನಿಂತು ಎಳೆಯುವವನು ಅದನ್ನು ಸಹಿಸಿಕೊಳ್ಳಬೇಕು. ಪುಟ್ಟಮಾದಮ್ಮ ಇರಲಿ ಬಿಡಿ. ಇಡೀ ದಾಸೋಹವನ್ನೇ ಎಳೆಯುತ್ತಿದ್ದೇನೆ, ಅವಳೊಬ್ಬಳ ಮಾತು ನನಗೆ ಭಾರವೇ?”

ಗುರುಗಳು ಎರಡೂ ಕೈಗಳಿಂದ ತಲೆ ಹಿಡಿದುಕೊಂಡರು. ಅಡುಗೆಮನೆಯಿಂದ ಪುಟ್ಟಮಾದಮ್ಮ ಯಾರನ್ನೋ ಗದರುವುದು ಕೇಳುತ್ತಿತ್ತು. ಹನ್ನೆರಡರ ಬಸ್ಸಿನವರಿಗೆ ಎಲೆ ಬೀಳುತ್ತಿತ್ತು.

“ಅಯ್ಯಾ ಗುರುಮಲ್ಲ, ಎಳೆಯುತ್ತಿರುವವನು ನೀನು ಅಂತ ನಿನಗೆ ಹೇಳಿದವರು ಯಾರು?”