ಮಣ್ಣುಗೋಡೆಗೆ ಕೂರಿಸಿದ ಉಕ್ಕಿನ ಚೌಕಟ್ಟು

"ತಾಯಿ, ಒಂದೇ ಪಾಠವನ್ನು ಮೂವರಿಗೆ ಒಂದೇ ಬಗೆಯಾಗಿ ಹೇಳಿದೆ. ಇಬ್ಬರಲ್ಲಿ ಅದು ನಿಂತಿತು. ಮೂರನೆಯವಳಲ್ಲಿ ನಿಲ್ಲಲಿಲ್ಲ. ದೋಷ ಯಾರದು?"

ಹೀಗೆ ಕೇಳಿದವಳು ದಾಕ್ಷಾಯಣಿ. ನದಿಯ ದಡದ ಆ ಆಶ್ರಮಕ್ಕೆ ಹೊಸದಾಗಿ ಬಂದವರಿಗೆ ಮೊದಲ ಪಾಠ ಹೇಳುವ ಹೊಣೆ ಅವಳದಾಗಿತ್ತು. ಆ ವರ್ಷ ಬಂದ ಮೂವರೂ ಸಂಸಾರ ಕಂಡ ಹೆಂಗಸರು. ಅವಳು ಅವರಿಗೆ ಬೆಳಗಿನ ಮೌನವನ್ನು ಕಲಿಸಿದ್ದಳು. ಹೊತ್ತು ಮೂಡುವವರೆಗೆ ಬೆನ್ನು ನೇರವಾಗಿಟ್ಟು ಕುಳಿತಿರಬೇಕು, ತುಟಿ ಬಿಚ್ಚಬಾರದು. ಇಬ್ಬರು ಮೊದಲ ವಾರದಲ್ಲಿಯೇ ಅದನ್ನು ರೂಢಿಸಿಕೊಂಡರು. ಮೂರನೆಯವಳಾದ ಸಾವಂತ್ರವ್ವ ಗಳಿಗೆಗೊಮ್ಮೆ ಎದ್ದಳು. ಕೊಟ್ಟಿಗೆಗೆ ಹೋಗಿ ಹಸುವನ್ನು ಮಾತನಾಡಿಸಿದಳು. ಗದರಿದರೆ ಅತ್ತಳು. ಮರುದಿನ ಮತ್ತೆ ಎದ್ದಳು. ಹೀಗೆ ನಾಲ್ಕು ತಿಂಗಳು ಕಳೆದಿದ್ದವು.

ಗುರುತಾಯಿ ಮುಕ್ತಾಂಬೆಯವರು ಜಗುಲಿಯಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ಕೈ ನಿಲ್ಲಿಸದೆ ಕೇಳಿದರು:

"ನಿನಗೇನು ತೋರುತ್ತದೆ?"

"ನಾಳೆಯೇ ಅವಳನ್ನು ಊರಿಗೆ ಕಳುಹಿಸಿಬಿಡುವುದು ಲೇಸೆಂದು ತೋರುತ್ತದೆ, ತಾಯಿ. ನಾನು ಬಿಗಿಗೊಳಿಸಿದಷ್ಟೂ ಅವಳು ಸಡಿಲವಾಗುತ್ತಾಳೆ. ಆ ಮೈಯಲ್ಲಿ ಗಟ್ಟಿಯಾದುದು ಏನೂ ಇಲ್ಲ."

"ಕಳುಹಿಸೋಣ. ಅದಕ್ಕೆ ಮೊದಲು ಒಂದು ಕತೆ ಕೇಳು" ಎಂದು ಮುಕ್ತಾಂಬೆಯವರು ಹೇಳತೊಡಗಿದರು.

ಒಬ್ಬ ಕಮ್ಮಾರನಿದ್ದ. ಉಕ್ಕಿನ ಬಾಗಿಲ ಚೌಕಟ್ಟುಗಳನ್ನು ಮಾಡುವುದು, ಮಾಡಿದ್ದನ್ನು ಗೋಡೆಗೆ ಕೂರಿಸುವುದು ಅವನ ಕಸುಬು. ಆ ಕಸುಬಿನಲ್ಲಿ ಅವನನ್ನು ಮೀರಿಸಿದವರು ಸುತ್ತಿನಲ್ಲಿ ಇರಲಿಲ್ಲ. ತೂಗುಗುಂಡು ಬಿಟ್ಟು ನೋಡಿದರೆ ಅವನ ಚೌಕಟ್ಟು ಕೂದಲೆಳೆಯಷ್ಟೂ ವಾಲಿರುತ್ತಿರಲಿಲ್ಲ. ಮೂಲೆಯಿಂದ ಮೂಲೆಗೆ ದಾರ ಹಿಡಿದರೆ ಎರಡೂ ಅಳತೆ ಒಂದೇ ಆಗಿರುತ್ತಿತ್ತು.

ಅವನಿಗೆ ಒಂದು ಕ್ರಮವಿತ್ತು. ಗೋಡೆಯಲ್ಲಿ ನಾಲ್ಕು ಬೆರಳು ಆಳದ ತೂತು ಕೊರೆಯುವನು. ಚೌಕಟ್ಟಿನ ಬದಿಯಿಂದ ಅದರೊಳಕ್ಕೆ ಒಂದು ಬೋಲ್ಟು ಇಳಿಸುವನು. ತಿರುಗಿಸಿದಷ್ಟೂ ಒಳಗೆ ಅರಳುವ ಬೋಲ್ಟು ಅದು. ಅರಳಿ ಅರಳಿ ತೂತಿನ ಗೋಡೆಗಳನ್ನು ಒತ್ತಿ ಹಿಡಿಯುತ್ತದೆ. ಎಂಟು ಸುತ್ತು ತಿರುಗಿಸುವನು. ಕೊನೆಯ ಸುತ್ತಿಗೆ ಮೈಯ ಭಾರವನ್ನೆಲ್ಲ ಹಾಕುವನು. ಅಲ್ಲಿಗೆ ಕೆಲಸ ಮುಗಿಯಿತು. "ಗೋಡೆ ಯಾರದಾದರೇನು, ಕೈ ನನ್ನದು" ಎಂದು ಅವನು ಹೇಳುತ್ತಿದ್ದ. ಹದಿನೈದು ವರ್ಷಗಳಲ್ಲಿ ಅವನು ನಿಲ್ಲಿಸಿದ ಒಂದು ಚೌಕಟ್ಟೂ ಅಲುಗಿರಲಿಲ್ಲ. ಅವನ ಹೆಸರು ನಿಂತಿದ್ದುದು ಆ ಒಂದು ಮಾತಿನ ಮೇಲೆ.

ಒಬ್ಬ ಛತ್ರದ ಯಜಮಾನ ಅವನನ್ನು ಕರೆಸಿದ. ಛತ್ರದ ಮೂರು ಬಾಗಿಲುಗಳ ಮರದ ಚೌಕಟ್ಟನ್ನು ಗೆದ್ದಲು ತಿಂದಿತ್ತು. ಆ ಛತ್ರವನ್ನು ಮೂರು ತಲೆಮಾರಿನವರು ಮೂರು ಬಗೆಯಾಗಿ ಕಟ್ಟಿದ್ದರು. ಮೊಮ್ಮಗ ಕಟ್ಟಿಸಿದ ಉಗ್ರಾಣಕ್ಕೆ ಕಾಂಕ್ರೀಟಿನ ಗೋಡೆ. ಮಗ ಕಟ್ಟಿಸಿದ ಪಡಸಾಲೆಗೆ ಇಟ್ಟಿಗೆಯ ಗೋಡೆ. ಅಜ್ಜ ಕಟ್ಟಿಸಿದ ಅಡುಗೆಮನೆಗೆ ಮಣ್ಣಿನ ಗೋಡೆ, ಒಂದೂವರೆ ಮೊಳ ದಪ್ಪದ್ದು. ಬೇಸಿಗೆಯಲ್ಲಿಯೂ ಅದರೊಳಗೆ ಇಟ್ಟ ಮಜ್ಜಿಗೆ ಸಂಜೆಯವರೆಗೆ ಹುಳಿಯಾಗುತ್ತಿರಲಿಲ್ಲ.

ಕಮ್ಮಾರ ಬೆಳಗ್ಗೆ ಉಗ್ರಾಣದ ಚೌಕಟ್ಟನ್ನು ಕೂರಿಸಿದ. ಕಾಂಕ್ರೀಟು ಬೋಲ್ಟನ್ನು ಕಚ್ಚಿ ಹಿಡಿಯಿತು. ಮಧ್ಯಾಹ್ನ ಪಡಸಾಲೆಯದನ್ನು ಕೂರಿಸಿದ. ಇಟ್ಟಿಗೆಯೂ ಹಿಡಿಯಿತು. ಯಜಮಾನ ಎರಡನ್ನೂ ಭುಜಕೊಟ್ಟು ನೂಕಿ ನೋಡಿದ.

"ಭಲೇ! ಆನೆ ಬಂದು ಒರಗಿದರೂ ಇದು ಜಗ್ಗುವುದಿಲ್ಲ" ಎಂದ.

"ಆನೆಯನ್ನು ಒಳಗೆ ಬಿಡುವುದು ಬಿಡದಿರುವುದು ತಮ್ಮ ಚಿತ್ತ, ಯಜಮಾನರೇ. ಚೌಕಟ್ಟು ನನ್ನದು" ಎಂದ ಕಮ್ಮಾರ.

ಮರುದಿನ ಅಡುಗೆಮನೆಗೆ ಬಂದ. ಅದೇ ತೂತು ಕೊರೆದ, ಅದೇ ಬೋಲ್ಟು ಇಳಿಸಿದ, ಅದೇ ಎಂಟು ಸುತ್ತು ತಿರುಗಿಸಿದ. ಬೋಲ್ಟು ಅರಳಿತು. ಅದು ಅರಳಿದಷ್ಟೂ ಮಣ್ಣು ಸರಿದುಕೊಂಡಿತು. ಒಂಬತ್ತನೆಯ ಸುತ್ತಿಗೆ ಒಂದು ಹಿಡಿ ಪುಡಿ ಅವನ ಪಾದದ ಮೇಲೆ ಉದುರಿತು. ಅವನು ಇನ್ನೂ ಉದ್ದದ ಬೋಲ್ಟು ತಂದ. ಆಮೇಲೆ ಇನ್ನೂ ದಪ್ಪದ್ದು. ಬೆಳಗ್ಗೆ ನಿಂಬೆಹಣ್ಣು ಹಿಡಿಸುವಷ್ಟಿದ್ದ ತೂತು ಮಧ್ಯಾಹ್ನಕ್ಕೆ ತೆಂಗಿನಕಾಯಿ ಹಿಡಿಸುವಷ್ಟಾಯಿತು. ಕೊನೆಗೆ ಸಿಮೆಂಟು ಕಲಸಿ ತೂತನ್ನು ತುಂಬಿದ. ಎರಡು ದಿನ ಬಿಟ್ಟು ಚೌಕಟ್ಟನ್ನು ಎಳೆದು ನೋಡಿದ. ಒಣಗಿದ ಸಿಮೆಂಟು, ಹಲಸಿನ ತೊಳೆಯಿಂದ ಬೀಜ ಜಾರುವಂತೆ, ಇಡಿಯ ಉಂಡೆಯಾಗಿ ಹೊರಗೆ ಬಂತು.

ಕಮ್ಮಾರನ ಮುಖ ಕಪ್ಪಿಟ್ಟಿತು. ಅಲುಗುವ ಚೌಕಟ್ಟನ್ನು ಬಿಟ್ಟುಹೋದರೆ ನಾಳೆ ಸಂತೆಯಲ್ಲಿ ಜನ ತನ್ನ ಹೆಸರನ್ನು ಹೇಗೆ ಆಡಿಕೊಳ್ಳುತ್ತಾರೆಂಬುದು ಅವನಿಗೆ ಗೊತ್ತಿತ್ತು. ಅವನು ಯಜಮಾನನ ಬಳಿಗೆ ಹೋಗಿ ನಿಂತ.

"ಯಜಮಾನರೇ, ಈ ಗೋಡೆಯಲ್ಲಿ ಸತ್ತ್ವವಿಲ್ಲ. ಇದನ್ನು ಕೆಡವಿಸಿ. ಇಟ್ಟಿಗೆಯಲ್ಲಿ ಕಟ್ಟಿಸಿ ಹೇಳಿಕಳುಹಿಸಿ. ಅರ್ಧ ದಿನದಲ್ಲಿ ಚೌಕಟ್ಟು ನಿಲ್ಲಿಸಿಕೊಡುತ್ತೇನೆ."

ಯಜಮಾನ ಗೋಡೆಯನ್ನು ನೋಡಿದ, ಕಮ್ಮಾರನನ್ನು ನೋಡಿದ. ಹದಿನೈದು ವರ್ಷದ ಹೆಸರಿನ ಮುಂದೆ ಮಣ್ಣಿನದೇನು ಸಾಕ್ಷಿ? "ಬಲ್ಲವನು ನೀನು. ಸೋಮವಾರ ಆಳುಗಳನ್ನು ಕರೆಸುತ್ತೇನೆ" ಎಂದ.

ಆ ಅಡುಗೆಮನೆಯ ಗೋಡೆಯನ್ನು ವರ್ಷಕ್ಕೆರಡು ಸಲ ಸಾರಿಸುತ್ತಿದ್ದವಳು ಒಬ್ಬ ಮುದುಕಿ. ನಲವತ್ತು ವರ್ಷ ಅವಳ ಅಂಗೈ ಆ ಗೋಡೆಯ ಮೇಲೆ ಆಡಿತ್ತು. ಕೆಡವುವ ಸುದ್ದಿ ಕೇಳಿ ಅವಳು ಬಂದಳು. ಅಳಲಿಲ್ಲ, ಬೈಯಲೂ ಇಲ್ಲ. ನೆಲದ ಮೇಲೆ ಬಿದ್ದಿದ್ದ ಬೋಲ್ಟೊಂದನ್ನು ಎತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಇದು ಹೇಗೆ ಹಿಡಿಯುತ್ತದೆ, ತಮ್ಮಾ?"

"ಒಳಗೆ ಹೋಗಿ ಅರಳುತ್ತದೆ, ಅಜ್ಜಿ. ಅರಳಿ ಗೋಡೆಯನ್ನು ಒತ್ತುತ್ತದೆ. ಗೋಡೆ ತಿರುಗಿ ಒತ್ತಬೇಕು. ನಿಮ್ಮ ಗೋಡೆ ಒತ್ತುವುದಿಲ್ಲ."

"ಮಣ್ಣಿಗೆ ಹಟ ಎಲ್ಲಿಂದ ಬರಬೇಕು? ನೂಕಿದವರಿಗೆ ಜಾಗ ಬಿಡುವುದೇ ಅದರ ಗುಣ" ಎಂದಳು ಮುದುಕಿ. ಆಮೇಲೆ ಅವನ ಎದೆಯ ಕಡೆ ಬೆರಳು ತೋರಿಸಿದಳು. "ನಿನ್ನ ಅಂಗಿಯ ಗುಂಡಿ ನೋಡಿಕೋ. ಅದೇನು ಬಟ್ಟೆಯನ್ನು ಹಿಸುಕುತ್ತದೆಯೇ? ಕಾಜಿನ ತೂತಿಗೆ ಅಡ್ಡ ನಿಂತಿದೆ, ಅಷ್ಟೆ. ಆದರೂ ಇಷ್ಟು ದೊಡ್ಡ ಹೊಟ್ಟೆಯನ್ನು ಹಿಡಿದಿಟ್ಟಿಲ್ಲವೇ?"

ಹೊರಗೆ ನಿಂತಿದ್ದ ಆಳುಗಳು ನಕ್ಕರು. ಕಮ್ಮಾರ ಅಂಗಿಯನ್ನು ಕೆಳಕ್ಕೆ ಎಳೆದುಕೊಂಡ. ಆದರೆ ಅವನು ದಡ್ಡನಾಗಿರಲಿಲ್ಲ. ಗುಂಡಿಯನ್ನು ಒಮ್ಮೆ ಬಿಚ್ಚಿದ, ಒಮ್ಮೆ ಹಾಕಿದ. ಆಮೇಲೆ, ಅಲ್ಲಿಗೆ ಬಂದು ನಾಲ್ಕು ದಿನವಾದ ಮೇಲೆ, ಮೊದಲ ಬಾರಿಗೆ ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿದ. ಒಂದು ಕಡೆ ಒಂದು ದನಿ ಬಂತು; ಮೊಳದ ಮೇಲೆ ಇನ್ನೊಂದು ದನಿ ಬಂತು.

"ಇದೇಕೆ ಹೀಗೆ, ಅಜ್ಜಿ?"

"ಮಣ್ಣುಗೋಡೆಯನ್ನು ಒಂದೇ ದಿನ ಎಬ್ಬಿಸುತ್ತಾರೆಯೇ? ಒಂದು ವರಸೆ ಹಾಕುವುದು, ಅದು ಒಣಗಿದ ಮೇಲೆ ಅದರ ಮೇಲೆ ಇನ್ನೊಂದು ವರಸೆ. ದನಿ ಬದಲಾದ ಕಡೆ ಎರಡು ವರಸೆ ಕೂಡುತ್ತವೆ. ಸೀಳುವುದಾದರೆ ಅಲ್ಲಿ ಸೀಳು. ಅಲ್ಲಿ ಅದಕ್ಕೆ ನೋವಾಗುವುದಿಲ್ಲ."

ಕಮ್ಮಾರ ಅಂಗಡಿಗೆ ಹೋದ. ಒಂದು ಮೊಳ ಉದ್ದದ ಆರು ಕಬ್ಬಿಣದ ಪಟ್ಟಿಗಳನ್ನು ಕತ್ತರಿಸಿದ. ಪ್ರತಿಯೊಂದರ ತುದಿಗೂ ಗೇಣುದ್ದದ ತುಂಡೊಂದನ್ನು ಅಡ್ಡವಾಗಿ ಬೆಸೆದ. ಪಟ್ಟಿಗಳ ಇನ್ನೊಂದು ತುದಿಯನ್ನು ಚೌಕಟ್ಟಿನ ಬೆನ್ನಿಗೆ ಬೆಸೆದ, ಈ ಕಡೆ ಮೂರು, ಆ ಕಡೆ ಮೂರು. ವರಸೆ ಕೂಡುವ ಕಡೆಗಳಲ್ಲಿ ಗೋಡೆಯನ್ನು ಅಡ್ಡಕ್ಕೆ ಸೀಳಿ ಪಟ್ಟಿಗಳನ್ನು ಒಳಗೆ ಮಲಗಿಸಿದ. ತೂಗುಗುಂಡು ಬಿಟ್ಟ, ರಸಮಟ್ಟ ಇಟ್ಟ, ಚೌಕಟ್ಟಿನ ಎರಡು ಕಾಲುಗಳು ಒಂದಕ್ಕೊಂದು ವಾಲದಂತೆ ನಡುವೆ ಅಡ್ಡಪಟ್ಟಿ ಕೊಟ್ಟ. ಮುದುಕಿ ಹುಲ್ಲು ಕಲಸಿ, ತುಳಿದು, ಹದಮಾಡಿದ ಮಣ್ಣು ತಂದಳು. ಕಮ್ಮಾರ ಬುಟ್ಟಿಗೆ ಕೈ ಹಾಕಿ ಆರು ಸೀಳನ್ನೂ ಒಂದೇ ಏಟಿಗೆ ತುಂಬಲು ಹೊರಟ.

ಮುದುಕಿ ಅವನ ಮಣಿಕಟ್ಟು ಹಿಡಿದಳು.

"ಕೆಳಗಿನ ಎರಡು ಇಂದು. ನಡುವಿನ ಎರಡು ನಾಲ್ಕು ದಿನ ಬಿಟ್ಟು. ಮೇಲಿನ ಎರಡು ಮತ್ತೆ ನಾಲ್ಕು ದಿನ ಬಿಟ್ಟು. ಎಲ್ಲವನ್ನೂ ಇಂದೇ ತುರುಕಿದರೆ ಹಸಿಮಣ್ಣು ನಿನ್ನ ಚೌಕಟ್ಟಿನ ಕಾಲುಗಳನ್ನು ಒಳಗೆ ತಳ್ಳುತ್ತದೆ. ಆಮೇಲೆ ಬಾಗಿಲು ಮುಚ್ಚುವುದಿಲ್ಲ. ಆಗಲೂ ನೀನು ನನ್ನ ಗೋಡೆಯನ್ನೇ ಬೈಯುತ್ತೀಯ."

"ಅಷ್ಟು ದಿನ ನಾನೇನು ಮಾಡಲಿ, ಅಜ್ಜಿ?"

"ಮಾಡುವುದೇನು ಬಂತು? ಮಜ್ಜಿಗೆ ಕುಡಿ."

ಯಜಮಾನ ಸೋಮವಾರದ ಆಳುಗಳಿಗೆ ಬರಬೇಡಿರೆಂದು ಹೇಳಿಕಳುಹಿಸಿದ. ಹನ್ನೆರಡು ದಿನ ನೋಡೋಣ, ಆಗಲೂ ಅಲುಗಿದರೆ ಗೋಡೆ ಕೆಡವುವುದೇ ಸರಿ ಎಂದ. ಕಮ್ಮಾರ ಹದಿನೈದು ವರ್ಷಗಳಲ್ಲಿ ಯಾವ ಗೋಡೆಗೂ ಕಾದಿರಲಿಲ್ಲ. ಮೊದಲ ಎರಡು ದಿನ ಗಳಿಗೆಗೊಮ್ಮೆ ಬಂದು ಮಣ್ಣನ್ನು ಒತ್ತಿ ನೋಡಿದ. ಮೂರನೆಯ ದಿನ ಒತ್ತುವುದನ್ನು ಬಿಟ್ಟ. ಅಡುಗೆಮನೆಯ ತಂಪಿನಲ್ಲಿ ಗೋಡೆಗೆ ಒರಗಿ ಕುಳಿತು ಮಜ್ಜಿಗೆ ಕುಡಿದ. ಅಡುಗೆಯವರ ಮುರಿದ ಸೌಟಿಗೆ ಹಿಡಿ ಹಾಕಿಕೊಟ್ಟ. ಮುದುಕಿಯ ಹಾರೆಗೆ ಮೊನೆ ಬಡಿದುಕೊಟ್ಟ. ತೇವದ ಬಣ್ಣ ಆರಿ ಮಣ್ಣು ಗೋಡೆಯ ಬಣ್ಣಕ್ಕೆ ತಿರುಗುವುದನ್ನು ನೋಡುವುದು ಅವನಿಗೆ ಹಿತವೆನಿಸತೊಡಗಿತು.

ಹನ್ನೆರಡನೆಯ ದಿನ ಅಡ್ಡಪಟ್ಟಿ ತೆಗೆದು ಬಾಗಿಲನ್ನು ತೂಗುಹಾಕಿದ. ಎಲ್ಲರೂ ನೆರೆದರು. ಯಜಮಾನ ಮೊದಲು ಕೈಯಿಂದ ನೂಕಿದ, ಆಮೇಲೆ ಭುಜದಿಂದ. ಬಾಗಿಲನ್ನು ಎಳೆದು ದಡಾರನೆ ಬಡಿದ, ಮತ್ತೆ ಬಡಿದ. ಚೌಕಟ್ಟು ಅಲುಗಲಿಲ್ಲ. ಗೋಡೆಯಿಂದ ಒಂದು ಚಿಟಿಕೆ ಮಣ್ಣೂ ಉದುರಲಿಲ್ಲ.

"ಇನ್ನು ಇದನ್ನು ಕೆಡವಬೇಕಾದರೆ ನನ್ನನ್ನು ಮೊದಲು ಕೆಡವಬೇಕು" ಎಂದು ಯಜಮಾನ ನಕ್ಕ. ಅಂದು ಎಲ್ಲರಿಗೂ ಪಾಯಸ ಮಾಡಿಸಿ ಬಡಿಸಿದ.

ಊಟವಾದ ಮೇಲೆ ಕಮ್ಮಾರ ಉಪಕರಣಗಳನ್ನು ಚೀಲಕ್ಕೆ ತುಂಬಿಕೊಂಡು ಛತ್ರದ ಅಂಗಳದಲ್ಲಿ ನಿಂತ. ಮೂರು ಬಾಗಿಲುಗಳನ್ನೂ ಒಂದೊಂದಾಗಿ ನೋಡಿದ. ಅವನ ಎದೆ ತುಂಬಿತ್ತು.

"ಕಾಂಕ್ರೀಟು, ಇಟ್ಟಿಗೆ, ಮಣ್ಣು. ಮೂರನ್ನೂ ನಿಲ್ಲಿಸಿದೆ, ಅಜ್ಜಿ" ಎಂದ.

ಮುದುಕಿ ಬಾಯಿಗೆ ಸೆರಗು ಹಿಡಿದು ನಕ್ಕಳು. ಏಕೆ ನಕ್ಕಳೆಂದು ಕಮ್ಮಾರನಿಗೆ ತಿಳಿಯಲಿಲ್ಲ. ಅವನೂ ನಕ್ಕು, ಚೀಲವನ್ನು ಹೆಗಲಿಗೇರಿಸಿ ಹೊರಟುಹೋದ.

ಮುಕ್ತಾಂಬೆಯವರು ಕತೆ ನಿಲ್ಲಿಸಿ, ಸುಲಿದ ಕಾಳುಗಳನ್ನು ಮೊರಕ್ಕೆ ಸುರಿದರು.

ದಾಕ್ಷಾಯಣಿಯ ಮುಖ ತಿಳಿಯಾಗಿತ್ತು. ಹಸುವಿನ ಕೊರಳನ್ನು ಅಪ್ಪಿ ನಿಂತ ಸಾವಂತ್ರವ್ವ ಅವಳ ಕಣ್ಣ ಮುಂದೆ ಬಂದಳು. ಕೊಟ್ಟಿಗೆಯ ಕೆಲಸವನ್ನೇ ಅವಳ ಬೆಳಗಿನ ಸಾಧನೆಯಾಗಿಸಬಹುದು. ಅಲ್ಲಿಂದ ಮೌನದ ಕಡೆಗೆ ನಿಧಾನವಾಗಿ ಕರೆದೊಯ್ಯಬಹುದು. ಇದು ತನಗೆ ನಾಲ್ಕು ತಿಂಗಳು ಹೊಳೆಯಲಿಲ್ಲವಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ಈಗಲಾದರೂ ಹೊಳೆಯಿತೆಂದು ನೆಮ್ಮದಿಯೂ ಆಯಿತು. ಅವಳು ಎದ್ದು ಕೈಮುಗಿದಳು.

"ತಿಳಿಯಿತು, ತಾಯಿ. ಗೋಡೆ ಬೇರೆಯಾದರೆ ಹಿಡಿಯುವ ಬಗೆಯೂ ಬೇರೆಯಾಗಬೇಕು. ಅವಳನ್ನು ಊರಿಗೆ ಕಳುಹಿಸುವುದಿಲ್ಲ. ಆ ಇಬ್ಬರನ್ನು ನಿಲ್ಲಿಸಿದ ಹಾಗೆ ಇವಳನ್ನೂ ನಿಲ್ಲಿಸುತ್ತೇನೆ."

ಮುಕ್ತಾಂಬೆಯವರು ತಲೆಯೆತ್ತಿ ಕೇಳಿದರು:

"ಆ ಇಬ್ಬರು ನಿನ್ನಿಂದ ನಿಂತರೆಂದು ನಿನಗೆ ಯಾರು ಹೇಳಿದರು?"

ದಾಕ್ಷಾಯಣಿಯ ಮುಗಿದ ಕೈ ಹಾಗೆಯೇ ಉಳಿಯಿತು. ಕಾಂಕ್ರೀಟು, ಇಟ್ಟಿಗೆಗಳು ತಾವೇ ಬೋಲ್ಟನ್ನು ಹಿಡಿದಿದ್ದವು; ಮುದುಕಿ ಏಕೆ ನಕ್ಕಳೆಂದು ಅವಳಿಗೆ ಆಗ ಹೊಳೆಯಿತು.